ತೂಕದ ಲೆಕ್ಕ ಕೊನೆಗೂ ನಮ್ಮ ಮಿಲ್‌ಗೆ ಬಂತು

ರಾಯಚೂರಿನ ಒಂದು ಜಿನ್ನಿಂಗ್ ಮಿಲ್‌ನಲ್ಲಿ ಲೆಕ್ಕ, ಕಂಪ್ಯೂಟರ್ ಎರಡನ್ನೂ ನಾನೇ ನೋಡಿಕೊಳ್ಳುತ್ತೇನೆ. 2021ರ ಡಿಸೆಂಬರ್, ಹತ್ತಿ ಸೀಸನ್ ಜೋರಾಗಿತ್ತು. ಒಂದು ಬೆಳಿಗ್ಗೆ ತೂಕದ ಶೀಟ್ ತೆರೆಯಲೇ ಇಲ್ಲ. ನಮ್ಮ ಫೈಲ್‌ಗಳೆಲ್ಲ ಒಂದು ವಿದೇಶಿ ಕ್ಲೌಡ್‌ನಲ್ಲಿದ್ದವು. ಆ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದಿತ್ತಲ್ವಾ, ಕಾರ್ಡಿನ ಆಟೋ ಪೇಮೆಂಟ್ 5,000 ರೂಪಾಯಿ ದಾಟಿದರೆ ಪ್ರತಿ ಸಲ ಓಟಿಪಿ ಕೊಡಬೇಕು ಅಂತ. ನಮ್ಮ ಬಿಲ್ ಅದಕ್ಕಿಂತ ಜಾಸ್ತಿ. ಹಣ ಹೋಗಲಿಲ್ಲ, ಅಕೌಂಟ್ ಬಂದ್.

ಹೊರಗೆ ಟ್ರ್ಯಾಕ್ಟರ್‌ಗಳ ಸಾಲು. "ಚೀಟಿ ಕೊಡ್ರಿ ಅಣ್ಣಾ, ಬಾಡಿಗಿ ಏರ್ಲಿಕತ್ತದ" ಅಂತ ರೈತರು ಕಿಟಕಿ ಹತ್ತಿರ ನಿಂತಿದ್ದರು. ಎರಡು ದಿನ ಕೈಯಲ್ಲೇ ಬರೆದೆವು.

ಆ ಸೀಸನ್ ಮುಗಿದ ಮೇಲೆ ಆಫೀಸಿನಲ್ಲೇ ಒಂದು ಲಿನಕ್ಸ್ ಸರ್ವರ್ ಇಟ್ಟೆ. ಲೆಕ್ಕಕ್ಕೆ ಮುಂಬೈನ ಫ್ರಾಪೆಯವರ ಇಆರ್‌ಪಿನೆಕ್ಸ್ಟ್, ಫೈಲ್‌ಗಳಿಗೆ ನೆಕ್ಸ್ಟ್‌ಕ್ಲೌಡ್, ಶೀಟ್‌ಗಳಿಗೆ ಲಿಬ್ರೆಆಫೀಸ್. ಎಲ್ಲ ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ, ಯಾರು ಬೇಕಾದರೂ ಬಳಸಬಹುದಾದ ಸಾಫ್ಟ್‌ವೇರ್. ಇನ್‌ಸ್ಟಾಲ್ ಮಾಡಲು ಎರಡೇ ದಿನ ಸಾಕಾಯಿತು.

ಕಷ್ಟ ಬಂದಿದ್ದು ಬೇರೆ ಕಡೆ. ರೈತರ ಹೆಸರು, ಊರು ಎಲ್ಲ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಆಗಿದ್ದವು. ಅಂಥ ಫೈಲ್ ಒಳಗೆ ನಿಜಕ್ಕೂ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು; ಫಾಂಟ್ ಅವನ್ನು ಕನ್ನಡವಾಗಿ ತೋರಿಸುತ್ತದೆ ಅಷ್ಟೇ. ಹೊಸ ಮಷಿನ್‌ನಲ್ಲಿ ತೆರೆದರೆ ಒಂದು ಹೆಸರೂ ಓದಲು ಬರಲಿಲ್ಲ. ಯಾವ ಮಷಿನ್‌ನಲ್ಲೂ ಕನ್ನಡ ಕನ್ನಡವಾಗಿಯೇ ಉಳಿಯುವ ಯೂನಿಕೋಡ್‌ಗೆ ಬದಲಿಸಿದೆ, ಮುಕ್ಕಾಲು ಭಾಗ ಸರಿಯಾಯಿತು, ಆದರೆ ಅರ್ಕಾವತ್ತು ಇದ್ದ ಕಡೆಯೆಲ್ಲ ಕೆಟ್ಟಿತ್ತು, ಯಾಕೆಂದರೆ ನುಡಿಯಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ಮೊದಲೇ ಬರಬೇಕು. ನಮಗೆ ದೇವದುರ್ಗದ ರೈತರೇ ಜಾಸ್ತಿ! ನಾನು, ನಮ್ಮ ಹಿರಿಯ ಗುಮಾಸ್ತರು ಹಳೇ ಚೀಟಿ ಎದುರಿಗಿಟ್ಟುಕೊಂಡು ಒಂಬತ್ತು ದಿನ ಒಂದೊಂದೇ ಸಾಲು ತಿದ್ದಿದೆವು. ಸಾಫ್ಟ್‌ವೇರ್ ಆರಿಸುವ ಮೊದಲೇ ಈ ಡೇಟಾ ನೋಡಬೇಕಿತ್ತು.

2025ರ ಜುಲೈನಲ್ಲಿ ಯುರೋಪಿನ ನಿರ್ಬಂಧದ ಕಾರಣಕ್ಕೆ ಮೈಕ್ರೋಸಾಫ್ಟ್ ನಮ್ಮ ದೇಶದ ತೈಲ ಕಂಪನಿ ನಯಾರಾ ಎನರ್ಜಿಗೆ ಸೇವೆ ನಿಲ್ಲಿಸಿತು. ಅವರು ದೆಹಲಿ ಹೈಕೋರ್ಟ್‌ಗೆ ಹೋದರು, ಸೇವೆ ಮತ್ತೆ ಶುರುವಾಯಿತು. ಅಷ್ಟು ದೊಡ್ಡ ಕಂಪನಿಗೇ ಹೀಗಾದರೆ ನಮ್ಮಂಥ ಮಿಲ್‌ನವರು ಎಲ್ಲಿಗೆ ಹೋಗಬೇಕು?

ಸ್ವಂತ ಸರ್ವರ್ ಅಂದರೆ ಕೆಲಸವೂ ನಮ್ಮದೇ. ಹತ್ತಿಯ ಎಳೆ ಫ್ಯಾನ್‌ಗೆ ದಪ್ಪಗೆ ಸುತ್ತಿಕೊಳ್ಳುತ್ತದೆ, ಪ್ರತಿ ಶನಿವಾರ ಬಿಚ್ಚಿ ತೆಗೆಯುತ್ತೇನೆ. ಬ್ಯಾಕಪ್ ಡಿಸ್ಕ್ ಸಂಜೆ ಮಾಲೀಕರ ಮನೆಗೆ ಹೋಗುತ್ತದೆ. ತಿಂಗಳಿಗೊಮ್ಮೆ ಅದನ್ನು ಬೇರೆ ಲ್ಯಾಪ್‌ಟಾಪ್‌ಗೆ ಹಾಕಿ ನಿಜವಾಗಿ ತೆರೆಯುತ್ತದಾ ಅಂತ ನೋಡುತ್ತೇನೆ, ಮೊದಲು ಹುಡುಕುವುದು ದೇವದುರ್ಗ.