ಕ್ರೀಡಾ ಸಂಸ್ಥೆಯ ದೊಡ್ಡವರಿಗೆ ಅಷ್ಟೊಂದು ಸಂಬಳ ಯಾಕೆ?

ಕೇಳುವವರು ಬೇರೆ ಬೇರೆ, ಪ್ರಶ್ನೆ ಒಂದೇ. "ನೀವು ಲೆಕ್ಕ ಬರೆಯುವವರು, ನೀವೇ ಹೇಳಿ ಮಾರಾಯ್ರೆ. ನಮ್ಮ ಹುಡುಗರಿಗೆ ಬಸ್ ಚಾರ್ಜಿಗೆ ದುಡ್ಡಿಲ್ಲ, ದಿಲ್ಲಿಯಲ್ಲಿ ಕೂತವರಿಗೆ ತಿಂಗಳಿಗೆ 20 ಲಕ್ಷ. ಇದು ಸರಿಯಾ?" ಕಾರವಾರದ ಮಾಲಾದೇವಿ ಮೈದಾನದಲ್ಲಿ ಕೇಳಿದ್ದಾರೆ, ಶಿರಸಿಯಲ್ಲಿ ಮದುವೆ ಊಟದ ಪಂಕ್ತಿಯಲ್ಲೂ ಕೇಳಿದ್ದಾರೆ. ನಾನು ನಮ್ಮ ಕಡೆಯ ನಾಲ್ಕಾರು ಕಬಡ್ಡಿ, ವಾಲಿಬಾಲ್ ಸಂಘಗಳ ಜಮಾ-ಖರ್ಚು ಬರೆದುಕೊಡುವವನು. ಪಂಕ್ತಿಯಲ್ಲಿ ಕೂತು ಪೂರ್ತಿ ಉತ್ತರ ಹೇಳುವಷ್ಟರಲ್ಲಿ ಪಾಯಸ ಬಂದಿರುತ್ತದೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ 20 ಲಕ್ಷದ ಕಥೆ. ಭಾರತೀಯ ಒಲಿಂಪಿಕ್ ಸಂಸ್ಥೆಗೆ 2022ರ ನವೆಂಬರಿನಲ್ಲಿ ಹೊಸ ಸಂವಿಧಾನ ಬಂತು. ಸುಪ್ರೀಂ ಕೋರ್ಟ್ ನೇಮಿಸಿದ್ದ ನಿವೃತ್ತ ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಅದನ್ನು ಸಿದ್ಧಪಡಿಸಿದ್ದರು. ಚುನಾಯಿತ ಮಹಾಕಾರ್ಯದರ್ಶಿಯ ಹುದ್ದೆ ಹೋಗಿ ಆ ಜಾಗಕ್ಕೆ ಸಂಬಳದ ಸಿಇಒ ಬಂದರು. ಅಧ್ಯಕ್ಷೆ ಪಿ.ಟಿ. ಉಷಾ 2024ರ ಜನವರಿಯಲ್ಲಿ ರಘುರಾಮ್ ಅಯ್ಯರ್ ಅವರನ್ನು ನೇಮಿಸಿದಾಗ ಕಾರ್ಯಕಾರಿ ಸಮಿತಿಯ ಹೆಚ್ಚಿನ ಸದಸ್ಯರು ತಿರುಗಿಬಿದ್ದರು. ತಿಂಗಳಿಗೆ 20 ಲಕ್ಷ, ಅದರ ಮೇಲೆ ಭತ್ಯೆ, ನಮಗೆ ಒಪ್ಪಿಗೆಯಿಲ್ಲ ಅಂದರು. ಜಗಳ ಒಂದೂವರೆ ವರ್ಷ ಎಳೆಯಿತು. ನಡುವೆ ಪ್ಯಾರಿಸ್ ಒಲಿಂಪಿಕ್ಸೇ ಬಂದು ಹೋಯಿತು. 2025ರ ಜುಲೈನಲ್ಲಿ ಸಮಿತಿ ನೇಮಕಕ್ಕೆ ಒಪ್ಪಿತು.

ಸರಿಯಾ ಎಂದು ಕೇಳಿದವರಿಗೆ ನನ್ನ ಉತ್ತರ ಹಿಡಿಸುವುದಿಲ್ಲ. ಸಂಬಳ ಕೊಡಲೇಬೇಕು ಅನ್ನುತ್ತೇನೆ ನಾನು. ಸಂಬಳವಿಲ್ಲದ ಗೌರವ ಹುದ್ದೆಯಷ್ಟು ದುಬಾರಿ ಹುದ್ದೆ ಇನ್ನೊಂದಿಲ್ಲ.

ಯಾಕೆಂದರೆ, ಬಿಟ್ಟಿ ದುಡಿಯಲು ಯಾರಿಂದ ಸಾಧ್ಯ? ಅಂಕೋಲೆಯ ದೈಹಿಕ ಶಿಕ್ಷಕರಿಂದ ಸಾಧ್ಯವಿಲ್ಲ, ಅವರಿಗೆ ಶಾಲೆಯಿದೆ. ಹಳೆಯ ಆಟಗಾರನಿಂದಲೂ ಆಗುವುದಿಲ್ಲ, ಅವನಿಗೆ ಹೊಟ್ಟೆಪಾಡಿದೆ. ಹಣವಿದ್ದವರು, ರಾಜಕೀಯದವರು, ವ್ಯಾಪಾರವನ್ನು ಮಕ್ಕಳಿಗೆ ಬಿಟ್ಟುಕೊಟ್ಟು ಕೂತವರು, ಇಷ್ಟೇ ಜನ ಉಳಿಯುತ್ತಾರೆ. ಅವರು ಒಮ್ಮೆ ಕುರ್ಚಿ ಹಿಡಿದರೆ ಎಬ್ಬಿಸುವುದು ಕಷ್ಟ, ಸಂಬಳ ನಿಲ್ಲಿಸುತ್ತೇವೆ ಎಂದು ಹೆದರಿಸಲೂ ಬರುವುದಿಲ್ಲವಲ್ಲ. ನಮ್ಮ ಕರಾವಳಿಯವರ ಆಟ ಕಬಡ್ಡಿಯನ್ನೇ ನೋಡಿ. ಅಖಿಲ ಭಾರತ ಅಮೆಚೂರ್ ಕಬಡ್ಡಿ ಫೆಡರೇಷನ್ನಿಗೆ ಜನಾರ್ದನ ಸಿಂಗ್ ಗೆಹ್ಲೋಟ್ 1984ರಿಂದ 2013ರ ತನಕ ಅಧ್ಯಕ್ಷರು. ರಾಜಸ್ಥಾನದಲ್ಲಿ ಮಂತ್ರಿಯಾಗಿದ್ದವರು. ಆಮೇಲೆ ಅವರು ಆಜೀವ ಅಧ್ಯಕ್ಷರಾದರು, ಅಧ್ಯಕ್ಷ ಸ್ಥಾನಕ್ಕೆ ಅವರ ಹೆಂಡತಿ ಬಂದರು. ಕಬಡ್ಡಿಯಲ್ಲಿ ಹೆಂಡತಿಯನ್ನು ಬದಲಿ ಆಟಗಾರ್ತಿಯಾಗಿ ಇಳಿಸುವ ನಿಯಮವಿದೆಯೆಂದು ನನಗೆ ಗೊತ್ತಿರಲಿಲ್ಲ. 2018ರ ಆಗಸ್ಟಿನಲ್ಲಿ ದಿಲ್ಲಿ ಹೈಕೋರ್ಟ್ ಎರಡನ್ನೂ ರದ್ದುಮಾಡಿ ಆಡಳಿತಾಧಿಕಾರಿಯನ್ನು ಕೂರಿಸಿತು.

ಇನ್ನು, ಸಂಬಳ ಇಲ್ಲ ಅಂದಮಾತ್ರಕ್ಕೆ ಖರ್ಚಿಲ್ಲ ಎಂದಲ್ಲ. ಬಿಸಿಸಿಐ ಪದಾಧಿಕಾರಿಗಳದ್ದು ಗೌರವ ಹುದ್ದೆ. ಆದರೆ 2023ರಲ್ಲಿ ಪತ್ರಿಕೆಗಳಲ್ಲಿ ಬಂದಂತೆ, ವಿದೇಶಕ್ಕೆ ಹೋದರೆ ಅವರಿಗೆ ದಿನಕ್ಕೆ 1,000 ಡಾಲರ್ ಭತ್ಯೆ, ದೇಶದೊಳಗಿನ ಸಭೆಗೆ ದಿನಕ್ಕೆ 40,000 ರೂಪಾಯಿ. ಇದರಲ್ಲಿ ಕಾನೂನು ಮೀರಿದ್ದೇನೂ ಇಲ್ಲ. ಆದರೆ ಭತ್ಯೆಗೆ ಒಂದು ಗುಣವಿದೆ. ಸಭೆ ಹೆಚ್ಚಾದಷ್ಟೂ ಅದು ಹೆಚ್ಚುತ್ತದೆ, ಕೆಲಸ ಹೆಚ್ಚಾಗಬೇಕೆಂದಿಲ್ಲ. ಸಂಬಳವಾದರೆ ವರ್ಷದ ಮೊದಲೇ ಒಂದು ಅಂಕಿ ಗೊತ್ತಿರುತ್ತದೆ. ಭತ್ಯೆಯ ಅಂಕಿ ಗೊತ್ತಾಗುವುದು ವರ್ಷ ಮುಗಿದ ಮೇಲೆ, ಅದೂ 'ಪ್ರಯಾಣ ಮತ್ತು ಇತರೆ' ಎಂಬ ಒಂದೇ ಸಾಲಿನಲ್ಲಿ.

ಈ 'ಇತರೆ'ಯ ಬಗ್ಗೆ ನನಗೆ ಸ್ವಲ್ಪ ಹೇಳಬೇಕು, ಅದು ನನ್ನ ಅನ್ನ. ಹೊನಲು-ಬೆಳಕಿನ ಕಬಡ್ಡಿ ಪಂದ್ಯಾವಳಿಯ ಲೆಕ್ಕ ತೆಗೆದರೆ ಮ್ಯಾಟ್ ಬಾಡಿಗೆ, ಲೈಟು, ಜನರೇಟರ್, ಮೈಕು, ರೆಫರಿಗಳ ಗೌರವಧನ, ಟ್ರೋಫಿ, ಹೊರಗಿನ ತಂಡಗಳಿಗೆ ರಾತ್ರಿ ಊಟ, ಎಲ್ಲಕ್ಕೂ ಒಂದೊಂದು ಸಾಲು. ಎಲ್ಲ ಕೂಡಿಸಿದ ಮೇಲೂ ಶಿಲ್ಕು ತಾಳೆಯಾಗದಿದ್ದರೆ ಉಳಿದದ್ದು 'ಇತರೆ'ಗೆ. ಒಂದು ತಾಲೂಕು ಸಂಘದ ಕಾರ್ಯದರ್ಶಿಯ ವೋಚರ್ ಫೈಲು ನನ್ನ ಮೇಜಿನ ಮೇಲಿದೆ. ಆಯ್ಕೆ ಶಿಬಿರಕ್ಕೆ ಮಕ್ಕಳನ್ನು ಕರೆದುಕೊಂಡು ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೋದ ಬಸ್ ಟಿಕೆಟ್‌ಗಳನ್ನು ಬಿಳಿ ಹಾಳೆಗೆ ಅಂಟಿಸಿದ್ದಾರೆ. ಮಶೀನಿನಿಂದ ಬರುವ ಆ ಟಿಕೆಟ್ಟು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಕ್ಷರ ಅಳಿಸಿ ಬೆಳ್ಳಗಾಗುತ್ತದೆ. ಅದಕ್ಕೇ ಅವರು ಪ್ರತಿ ಟಿಕೆಟಿನ ಪಕ್ಕ ತಾರೀಕು, ಮೊತ್ತ, ಜೊತೆಗಿದ್ದ ಮಕ್ಕಳ ಹೆಸರನ್ನು ಪೆನ್ನಿನಲ್ಲಿ ಬರೆದು, ಝೆರಾಕ್ಸ್ ಮಾಡಿ ಹಿಂದೆ ಪಿನ್ ಹಾಕುತ್ತಾರೆ. ರಜೆ ಹಾಕಿ ಹೋದ ದಿನದ ಸಂಬಳ ಅವರ ಕೈಯಿಂದಲೇ ಹೋಗಿದೆ. ಅದಕ್ಕೆ ವೋಚರ್ ಇಲ್ಲ. "ಮಾಸ್ತರ್ರೆ, ದಿನದ ಭತ್ಯೆ ಅಂತ ಸ್ವಲ್ಪ ಬರ್ಕೊಳ್ಳಿ" ಅಂದರೆ, "ಹೋಗ್ಲಿ ಬಿಡು ತಮ್ಮಾ, ನಾಳೆ ಸಭೆಯಲ್ಲಿ ಯಾರಾದ್ರೂ ತಿಂದ ಅಂದಾರು" ಅನ್ನುತ್ತಾರೆ.

ಮೇಲಕ್ಕೆ ಹೋದ ಹಾಗೆ ಈ ಹೆದರಿಕೆ ಎಲ್ಲಿ ಕರಗುತ್ತದೋ.

ಪೂರ್ಣಾವಧಿಯ ಜನ ಯಾಕೆ ಬೇಕು ಅನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಕಥೆಯಿದೆ. ಮಾರ್ಗರೇಟ್ ಆಳ್ವಾ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡುತ್ತಿದ್ದಾಗ, 1987ರಲ್ಲಿ, ಹಳಿಯಾಳ, ಯಲ್ಲಾಪುರ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ಓಟಕ್ಕೆ, ಎಸೆತಕ್ಕೆ ತಯಾರು ಮಾಡುವ ಯೋಜನೆಯನ್ನು ಭಾರತೀಯ ಕ್ರೀಡಾ ಪ್ರಾಧಿಕಾರ ಶುರುಮಾಡಿತು. ಪದಕಗಳೂ ಬಂದವು. 1993ರಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. ಅದು ಸರ್ಕಾರದ ಯೋಜನೆ, ಫೆಡರೇಷನ್ನಿನದ್ದಲ್ಲ, ಒಪ್ಪುತ್ತೇನೆ. ಆದರೆ ಕುರ್ಚಿಯಲ್ಲಿರುವವರ ಆಸಕ್ತಿಯಿಂದ ಹುಟ್ಟಿದ್ದನ್ನು ಅವರು ಹೋದ ಮೇಲೂ ನಡೆಸಿಕೊಂಡು ಹೋಗಲು ಸಂಬಳ ತೆಗೆದುಕೊಂಡು ಬೆಳಿಗ್ಗೆ ಹತ್ತಕ್ಕೆ ಕಚೇರಿಗೆ ಬರುವವರೇ ಬೇಕು.

ಹಾಗಾದರೆ ಎಷ್ಟಾದರೂ ಕೊಡಬಹುದೇ? ಇಲ್ಲ. ಇಲ್ಲಿ ನಾನು ಕೇಳುವುದು ಒಂದೇ: ಆ ಅಂಕಿ ಬರೆದವರು ಯಾರು?

ಜಾಗತಿಕ ಫುಟ್‌ಬಾಲ್ ಸಂಸ್ಥೆ ಫಿಫಾದ ಕಥೆ ಲೆಕ್ಕ ಬರೆಯುವವರೆಲ್ಲ ಓದಬೇಕಾದದ್ದು. ಆಗಿನ ಅಧ್ಯಕ್ಷ ಸೆಪ್ ಬ್ಲಾಟರ್, ಮಹಾಕಾರ್ಯದರ್ಶಿ ಜೆರೋಮ್ ವಾಲ್ಕೆ, ಹಣಕಾಸು ನೋಡುತ್ತಿದ್ದ ಮಾರ್ಕುಸ್ ಕಾಟ್ನರ್ ಮೂವರೂ ಸೇರಿ ಐದು ವರ್ಷಗಳಲ್ಲಿ ಸಂಬಳ ಏರಿಕೆ, ವಿಶ್ವಕಪ್ ಬೋನಸ್ ಇತ್ಯಾದಿಯಾಗಿ 7.9 ಕೋಟಿ ಸ್ವಿಸ್ ಫ್ರಾಂಕ್‌ಗೂ ಹೆಚ್ಚು ಮಾಡಿಕೊಂಡರು ಎಂದು ಫಿಫಾದ ವಕೀಲರೇ 2016ರಲ್ಲಿ ಹೇಳಿದರು. 2021ರಲ್ಲಿ ಫಿಫಾದ ನೈತಿಕತಾ ಸಮಿತಿ ಅದರ ಒಳಗುಟ್ಟನ್ನು ಬಿಡಿಸಿತು. ಇವರ ಕರಾರಿಗೆ ಅವರ ಸಹಿ, ಅವರ ಕರಾರಿಗೆ ಇವರ ಸಹಿ. ಹಣಕಾಸು ನೋಡುವವನ ಪಾಲಿಗೆ ಬಂದ ಕೆಲಸ ಪಾವತಿ ಮಾಡುವುದು, ಮತ್ತು ಅದು ವಾರ್ಷಿಕ ಲೆಕ್ಕದಲ್ಲಿ ಕಾಣದಂತೆ ನೋಡಿಕೊಳ್ಳುವುದು. ಈಗ ಅಲ್ಲಿ ಅಧ್ಯಕ್ಷರ ವೇತನವನ್ನು ಬೇರೆ ಸಮಿತಿ ನಿಗದಿ ಮಾಡುತ್ತದೆ, ವಾರ್ಷಿಕ ವರದಿಯಲ್ಲಿ ಅಚ್ಚು ಹಾಕುತ್ತಾರೆ. ಈಗಿನ ಅಧ್ಯಕ್ಷ ಇನ್ಫಾಂಟಿನೊ ಅವರ ಮೂಲ ವೇತನ 26 ಲಕ್ಷ ಫ್ರಾಂಕ್ ಎಂದು ನಾನು ಕಾರವಾರದಲ್ಲಿ ಕೂತು ಹೇಳಬಲ್ಲೆನಾದರೆ ಅದಕ್ಕೇ. ಮೊತ್ತ ನನಗೆ ವಿಪರೀತವೆಂದೇ ಕಾಣುತ್ತದೆ. ಆದರೆ ವಿಪರೀತ ಎನ್ನಲು ಮೊದಲು ಮೊತ್ತ ಗೊತ್ತಾಗಬೇಕಲ್ಲ.

ಅಚ್ಚಾದರೆ ಏನಾಗುತ್ತದೆ ಎನ್ನುವುದಕ್ಕೆ ಇಂಗ್ಲೆಂಡಿನ ರಗ್ಬಿ ಸಂಸ್ಥೆ ಸಾಕ್ಷಿ. 2023-24ರಲ್ಲಿ ಅದರ ಸಿಇಒ ಬಿಲ್ ಸ್ವೀನಿಗೆ ಒಟ್ಟು 11 ಲಕ್ಷ ಪೌಂಡ್ ಸಂದಿತು. ಅದರಲ್ಲಿ 3.58 ಲಕ್ಷ ಬೋನಸ್. ಅದೇ ವರ್ಷ ಸಂಸ್ಥೆಗೆ 3.79 ಕೋಟಿ ಪೌಂಡ್ ಕಾರ್ಯಾಚರಣೆ ನಷ್ಟ, 42 ಮಂದಿಗೆ ಕೆಲಸ ಹೋಯಿತು. ವಾರ್ಷಿಕ ಲೆಕ್ಕ ಹೊರಬಿದ್ದದ್ದೇ ತಡ, ಹಳ್ಳಿ-ಪಟ್ಟಣಗಳ ಸಣ್ಣ ಕ್ಲಬ್‌ಗಳು ಎದ್ದುನಿಂತವು. 2024ರ ಡಿಸೆಂಬರಿನಲ್ಲಿ ಸಂಸ್ಥೆಯ ಮಂಡಳಿ ಅಧ್ಯಕ್ಷ ಟಾಮ್ ಇಲ್ಯೂಬ್ ಇಳಿದರು. 2025ರ ಮಾರ್ಚಿನಲ್ಲಿ ವಿಶೇಷ ಮಹಾಸಭೆ ಕರೆದು ಸ್ವೀನಿ ಮೇಲೆ ಅವಿಶ್ವಾಸ ಮಂಡಿಸಿದರು. ಸ್ವೀನಿ ಗೆದ್ದರು. ಬೋನಸ್ ಕರಾರಿನ ಪ್ರಕಾರವೇ ಇತ್ತಂತೆ, ನಷ್ಟವೂ ನಾಲ್ಕು ವರ್ಷದ ಚಕ್ರದಲ್ಲಿ ಮೊದಲೇ ಎಣಿಸಿದ್ದೇ ಅಂತೆ. ನಾನು ಸಭೆಯಲ್ಲಿದ್ದಿದ್ದರೆ ವಿರುದ್ಧವೇ ಕೈ ಎತ್ತುತ್ತಿದ್ದೆ. ಸಹೋದ್ಯೋಗಿಗಳನ್ನು ಮನೆಗೆ ಕಳಿಸಿದ ವರ್ಷ ಬೋನಸ್ ಮುಂದೂಡುವಷ್ಟು ಮರ್ಯಾದೆಯಾದರೂ ಬೇಡವೇ?

ನಮ್ಮಲ್ಲೂ ಒಮ್ಮೆ ಲೆಕ್ಕ ಬೆಳಕಿಗೆ ಬಂದಿತ್ತು. 2017ರಿಂದ 2019ರ ತನಕ ಬಿಸಿಸಿಐಯನ್ನು ಸುಪ್ರೀಂ ಕೋರ್ಟ್ ನೇಮಿಸಿದ ಆಡಳಿತಗಾರರ ಸಮಿತಿ ನಡೆಸಿತು. ಅವರಿಗೆ ಮೊದಲ ವರ್ಷ ತಿಂಗಳಿಗೆ 10 ಲಕ್ಷ, ಮುಂದಿನ ವರ್ಷ 11, ಆಮೇಲೆ 12. ವಿನೋದ್ ರಾಯ್, ಡಯಾನಾ ಎಡುಲ್ಜಿ ಪಡೆದರು. ನಡುವೆಯೇ ಹೊರಬಂದ ರಾಮಚಂದ್ರ ಗುಹಾ, ವಿಕ್ರಮ್ ಲಿಮಯೆ ಬೇಡವೆಂದರು. ಪಡೆದವರನ್ನು ನಾನು ತಪ್ಪೆನ್ನುವುದಿಲ್ಲ. ಐಪಿಎಲ್ ಪ್ರಸಾರದ ಹಕ್ಕನ್ನೇ ಐದು ವರ್ಷಕ್ಕೆ 48,390 ಕೋಟಿಗೆ ಮಾರುವ ಸಂಸ್ಥೆಯಲ್ಲಿ ಆ ಮೊತ್ತ ಲೆಕ್ಕಕ್ಕಿಲ್ಲ. ಒಲಿಂಪಿಕ್ ಸಂಸ್ಥೆಯ 20 ಲಕ್ಷ ಕಣ್ಣಿಗೆ ಚುಚ್ಚುವುದು ಇದೇ ಕಾರಣಕ್ಕೆ, ಅದಕ್ಕೆ ಆ ವರಮಾನ ಎಲ್ಲಿದೆ? 'ಕಂಪನಿಯಲ್ಲಿದ್ದರೆ ಇಷ್ಟೇ ಸಿಗುತ್ತಿತ್ತು' ಎಂಬ ವಾದವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಕಂಪನಿಗೆ ಎದುರಾಳಿ ಕಂಪನಿ ಇರುತ್ತದೆ. ಒಂದು ಆಟಕ್ಕೆ ದೇಶದಲ್ಲಿ ಮಾನ್ಯತೆಯಿರುವ ಸಂಸ್ಥೆ ಒಂದೇ. ಗಿರಾಕಿ ಬೇರೆ ಅಂಗಡಿಗೆ ಹೋಗುವ ಹಾಗಿಲ್ಲ.

ಕಾನೂನು ಏನು ಹೇಳುತ್ತದೆ ಎಂದೂ ಕೇಳುತ್ತಾರೆ. ಕೇಂದ್ರದಿಂದ 10 ಲಕ್ಷ ಅಥವಾ ಹೆಚ್ಚು ಅನುದಾನ ಪಡೆಯುವ ಫೆಡರೇಷನ್ನುಗಳು ಮಾಹಿತಿ ಹಕ್ಕಿನ ಕೆಳಗೆ ಬರುತ್ತವೆ ಎಂದು ಕ್ರೀಡಾ ಸಚಿವಾಲಯ 2010ರಲ್ಲೇ ಹೇಳಿತ್ತು. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯೂ ಸರ್ಕಾರಿ ಹಣ ಪಡೆಯುವ ಸಂಸ್ಥೆಗಳನ್ನೇ ಆ ಹಕ್ಕಿನೊಳಗೆ ಇಟ್ಟಿತು. ಸರ್ಕಾರದ ದುಡ್ಡು ಬೇಡವೆಂದ ಬಿಸಿಸಿಐ ಹೊರಗುಳಿಯಿತು. ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಬೇಕೆಂದರೆ ಸಾಕು, ಮೇಲಿನ ಹುದ್ದೆಯವರ ಸಂಬಳವನ್ನು ಹೆಸರು ಸಮೇತ ಪ್ರತಿ ವರ್ಷ ಸಲ್ಲಿಸಬೇಕು. ಯಾರು ಬೇಕಾದರೂ ನೋಡಬಹುದು. ನನಗೆ ಆ ನಿಯಮವೇ ಹೆಚ್ಚು ಸರಿಯೆನಿಸುತ್ತದೆ.

ಶಿರಸಿ ಕಡೆಯವರಿಗೆ ಒಂದು ಮಾತು. ಸಹಕಾರಿ ಸೊಸೈಟಿಯ ಸರ್ವಸಾಧಾರಣ ಸಭೆಯಲ್ಲಿ ಅಢಾವೆ ಪತ್ರಿಕೆ ಹಿಡಿದು, ಸಿಬ್ಬಂದಿ ವೇತನ ಯಾಕೆ ಏರಿತು, ಛಪಾಯಿ ಖರ್ಚು ಯಾಕೆ ಇಷ್ಟು ಎಂದು ಮಧ್ಯಾಹ್ನದ ತನಕ ಕಾಡುವವರು ನೀವು. ಅದೇ ನೀವು ಕ್ರೀಡಾ ಸಂಘದ ಸಭೆಯಲ್ಲಿ 'ಠರಾವು ಪಾಸ್' ಅಂದ ಕೂಡಲೇ ಚಪ್ಪಾಳೆ ತಟ್ಟಿ ಚಹಾಕ್ಕೆ ಏಳುತ್ತೀರಿ. ಕರ್ನಾಟಕದಲ್ಲಿ ನೋಂದಾಯಿತ ಸಂಘ ಅಂದಮೇಲೆ 1960ರ ಕಾಯ್ದೆಯಂತೆ ಅದೂ ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ತಾಲೂಕು ಸಂಘದಲ್ಲಿ ಕೇಳದವರು ಜಿಲ್ಲೆಗೆ ಪ್ರತಿನಿಧಿಯನ್ನು ಕಳಿಸುತ್ತಾರೆ, ಜಿಲ್ಲೆಯವರು ರಾಜ್ಯಕ್ಕೆ, ರಾಜ್ಯದವರು ದಿಲ್ಲಿಗೆ. ದಿಲ್ಲಿಯಲ್ಲಿ ಕೈ ಎತ್ತುವ ಮತ ಇಲ್ಲಿಂದಲೇ ಹೋದದ್ದು. 'ಇತರೆ' ಬಿಡಿಸಿ ಓದಿ ಅಂತ ಒಮ್ಮೆ ಕೇಳಿ ನೋಡಿ. ಓದುವವನು ನಾನೇ, ತೊಂದರೆಯಿಲ್ಲ.

ಇಷ್ಟು ಹೇಳಿದ ಮೇಲೆ ತಪ್ಪದೆ ಬರುವ ಮರುಪ್ರಶ್ನೆ: "ಹಾಗಾದ್ರೆ ನೀವೂ ಸಂಬಳ ತಗೊಳ್ತೀರಾ?" ತಗೊಳ್ಳುತ್ತೇನೆ. ಮೊತ್ತವನ್ನು ಸಭೆಯಲ್ಲಿ ನೀವು ನಿಗದಿ ಮಾಡಿ, ಆ ಹೊತ್ತಿಗೆ ನಾನು ಹೊರಗೆ ಕೂತಿರುತ್ತೇನೆ, ಆಮೇಲೆ ಅದಕ್ಕೆ ಬೇರೆಯೇ ಒಂದು ಸಾಲು ಬರೆಯುತ್ತೇನೆ. ಮಾಸ್ತರರ ದಿನಭತ್ಯೆಯನ್ನೂ ಅದೇ ಠರಾವಿನಲ್ಲಿ ಸೇರಿಸಿಬಿಡಿ.