ಮನಾಲಿಗೆ ಎ.ಟಿ. ಟೈರ್ ಸಾಕಾ ಅಣ್ಣಾ?

ಅರೇಬಿಕಾ ಕಾಫಿ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ನಮ್ಮ ಕಡೆಯ ಹುಡುಗರಿಗೆ ಹಿಮಾಲಯ ನೆನಪಾಗುತ್ತದೆ. ಆಗ ನನಗೆ ಬರುವ ಪ್ರಶ್ನೆ ಒಂದೇ. "ಅಣ್ಣಾ, ಥಾರ್‌ಗೆ ಎ.ಟಿ. ಟೈರ್ ಹಾಕಿಸಿದ್ದೀನಿ. ಮನಾಲಿ, ಸ್ಪಿತಿ ಕಡೆ ಹಿಮದಲ್ಲಿ ಓಡಿಸೋಕೆ ಇದು ಸಾಕಾ, ಇಲ್ಲಾ ವಿಂಟರ್ ಟೈರ್ ಅಂತಾರಲ್ಲ, ಅದೇ ಬೇಕಾ?" ಎ.ಟಿ. ಅಂದರೆ ಆಲ್ ಟೆರೇನ್, ಡಾಂಬರು, ಕೆಸರು, ಕಲ್ಲು ಎಲ್ಲದರ ಮೇಲೂ ಓಡಿಸಲೆಂದು ಮಾಡಿದ ಟೈರ್. ಇದೇ ಪ್ರಶ್ನೆ ಇನ್ನೊಂದು ದಿಕ್ಕಿನಿಂದಲೂ ಬರುತ್ತದೆ: ಮೂಡಿಗೆರೆ, ಸಕಲೇಶಪುರದಿಂದ ಕೆನಡಾಕ್ಕೋ ಅಮೆರಿಕದ ಉತ್ತರಕ್ಕೋ ಹೋಗಿ ಮೊದಲ ಚಳಿಗಾಲ ನೋಡುತ್ತಿರುವವರಿಂದ. ಪ್ರಶ್ನೆ ಒಂದೇ ಆದರೂ ಇಬ್ಬರಿಗೂ ಒಂದೇ ಉತ್ತರ ನಡೆಯುವುದಿಲ್ಲ. ಪ್ರತಿ ಸಲ ಫೋನಿನಲ್ಲಿ ವಿವರಿಸಿ ಸಾಕಾಗಿ ಬರೆದಿಡುತ್ತಿದ್ದೇನೆ.

ಅವಸರ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಹಿಮ ಬೀಳುವ ಊರಿನಲ್ಲೇ ಚಳಿಗಾಲ ಕಳೆಯುವವರು ವಿಂಟರ್ ಟೈರ್ ಹಾಕಿಸಿ, ನಾಲ್ಕಕ್ಕೆ ನಾಲ್ಕೂ. ಚಿಕ್ಕಮಗಳೂರಿನಿಂದ ಓಡಿಸಿಕೊಂಡು ಹೋಗಿ ಒಂದಷ್ಟು ದಿನ ಹಿಮ ನೋಡಿ ಬರುವವರಿಗೆ ಒಳ್ಳೆಯ ಎ.ಟಿ. ಸಾಕು, ಆದರೆ ಡಿಕ್ಕಿಯಲ್ಲಿ ಟೈರಿಗೆ ಸುತ್ತಿ ಕಟ್ಟುವ ಚೈನ್ ಇರಲೇಬೇಕು. ಚೈನ್ ಇಲ್ಲದ ಎ.ಟಿ. ನಂಬಿ ಹೋಗಬೇಡಿ.

ಯಾಕೆ ಅಂತ ಕೇಳುವವರು ಮುಂದೆ ಓದಿ.

ಮಲೆನಾಡಿನಲ್ಲಿ ಗಾಡಿ ಓಡಿಸಿ ಕಲಿತವರಿಗೆ ಟೈರ್ ಬಗ್ಗೆ ಒಂದು ಲೆಕ್ಕ ತಲೆಯಲ್ಲಿ ಕೂತಿರುತ್ತದೆ: ಬಟನ್ (ಟೈರಿನ ಮೇಲಿನ ರಬ್ಬರ್ ಉಬ್ಬು) ದಪ್ಪ ಇದ್ದಷ್ಟೂ ಹಿಡಿತ ಜಾಸ್ತಿ. ಕೆಸರಿನ ಮಟ್ಟಿಗೆ ಈ ಲೆಕ್ಕ ಸರಿ. ಆಷಾಢದ ಮಳೆಯಲ್ಲಿ ತೋಟದ ದಾರಿಯ ಕೆಂಪು ಮಣ್ಣು ಟೈರಿಗೆ ಮೆತ್ತಿಕೊಂಡರೆ ಅದು ಬೋಳು ಟೈರೇ ಆಗಿಹೋಗುತ್ತದೆ. ಹಾಗಾಗಿ ಕೆಸರಿನ ಟೈರಿನ ಮುಖ್ಯ ಕೆಲಸ ತನ್ನ ಸಂದಿಗೆ ಸಿಕ್ಕ ಮಣ್ಣನ್ನು ತಿರುಗುವ ರಭಸದಲ್ಲಿ ಆಚೆ ಎಸೆಯುವುದು. ಬಟನ್‌ಗಳ ನಡುವೆ ಅಗಲ ಸಂದಿ ಬಿಡುವುದೇ ಅದಕ್ಕೆ.

ಹಿಮದ ಕಥೆ ಇದಕ್ಕೆ ಪೂರ್ತಿ ಉಲ್ಟಾ. ರಬ್ಬರಿಗೆ ಹಿಮದ ಮೇಲೆ ಇರುವ ಹಿಡಿತಕ್ಕಿಂತ ಹಿಮಕ್ಕೆ ಹಿಮದ ಮೇಲೆ ಇರುವ ಹಿಡಿತ ಹೆಚ್ಚು. ಅದಕ್ಕೇ ವಿಂಟರ್ ಟೈರ್ ಹಿಮವನ್ನು ಎಸೆಯುವ ಗೋಜಿಗೆ ಹೋಗದೆ ತನ್ನ ಸಂದಿಗಳಲ್ಲಿ ಒತ್ತಿ ತುಂಬಿಕೊಳ್ಳುತ್ತದೆ. ಹಾಗೆ ಬಿಗಿಯಾದ ಹಿಮ ರಸ್ತೆಯ ಹಿಮವನ್ನು ಕಚ್ಚುತ್ತದೆ. ಅದರ ಬಟನ್‌ಗಳನ್ನು ಹತ್ತಿರದಿಂದ ನೋಡಿದರೆ ಬ್ಲೇಡಿನಲ್ಲಿ ಗೀರಿದ ಹಾಗೆ ಸಣ್ಣ ಸಣ್ಣ ಸೀಳುಗಳು ಕಾಣುತ್ತವೆ. ಸೈಪ್ ಅಂತ ಅವುಗಳ ಹೆಸರು. ಭಾರ ಬಿದ್ದಾಗ ಸೀಳುಗಳು ಬಾಯಿ ಬಿಟ್ಟು ನೂರಾರು ಅಂಚುಗಳಾಗಿ ನೆಲ ಹಿಡಿಯುತ್ತವೆ. ಎ.ಟಿ. ಟೈರಿನಲ್ಲಿ ಇಂಥ ಸೀಳು ಇದ್ದರೂ ಕಡಿಮೆ. ಕಲ್ಲಿನ ಮೇಲೆ ಹತ್ತಿದಾಗ ಬಟನ್ ಕಿತ್ತು ಬರಬಾರದಲ್ಲ, ಅದಕ್ಕೆ ಅದನ್ನು ಗಟ್ಟಿಮುಟ್ಟಾಗಿ ಮಾಡಿರುತ್ತಾರೆ.

ಇಷ್ಟು ಬಟನ್ ವಿಷಯ. ಇದಕ್ಕಿಂತ ದೊಡ್ಡ ವ್ಯತ್ಯಾಸ ಇರುವುದು ರಬ್ಬರಿನಲ್ಲಿ, ಮತ್ತು ಅದು ಕಣ್ಣಿಗೆ ಕಾಣುವುದಿಲ್ಲ. ಡಿಸೆಂಬರ್ ಬೆಳಿಗ್ಗೆ ನಮ್ಮನೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗಿ ಕೂರುತ್ತದಲ್ಲ, ಸಾಮಾನ್ಯ ಟೈರಿನ ರಬ್ಬರೂ ಚಳಿಗೆ ಹಾಗೆಯೇ ಬಿಗಿಯುತ್ತದೆ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದರೆ ಅದರ ಹಿಡಿತ ಇಳಿಯುತ್ತಾ ಹೋಗುತ್ತದೆ. ರಸ್ತೆಯಲ್ಲಿ ಹಿಮ ಇರಬೇಕೆಂದೇನೂ ಇಲ್ಲ, ಒಣ ಡಾಂಬರಾದರೂ ಅಷ್ಟೇ. ಆ ಚಳಿಯಲ್ಲೂ ಮೆತ್ತಗೆ ಉಳಿಯಲಿ ಅಂತಲೇ ವಿಂಟರ್ ಟೈರಿಗೆ ಬೇರೆ ರಬ್ಬರ್, ಹೆಚ್ಚು ಸಿಲಿಕಾ ಬೆರೆಸುತ್ತಾರೆ. ಹಾಗಾಗಿ ನೋಡೋಕೆ ರಾಕ್ಷಸನ ಥರ ಇರುವ ಎ.ಟಿ. ಟೈರ್ ಮೈನಸ್ ಹತ್ತರಲ್ಲಿ ಜಾರುತ್ತದೆ. ಸಾಧು ಹಸುವಿನಂತೆ ಕಾಣುವ ವಿಂಟರ್ ಟೈರ್ ಅಲ್ಲೇ ನಿಲ್ಲುತ್ತದೆ.

ಇದೇನು ಇತ್ತೀಚಿನ ಮಾರ್ಕೆಟಿಂಗ್ ಕಸರತ್ತಲ್ಲ. ಫಿನ್ಲೆಂಡಿನ ಈಗಿನ ನೋಕಿಯನ್ ಕಂಪನಿಯ ಹಿರಿಯರು ಮೊದಲ ಚಳಿಗಾಲದ ಟೈರ್ ಮಾಡಿದ್ದು 1934ರಲ್ಲಿ, ಅದೂ ಲಾರಿಗಳಿಗೆ. ಅವರ ಚಳಿಗಾಲದ ಟೈರಿನ ಹಕ್ಕಪೆಲೀಟ್ಟ ಅನ್ನುವ ಹೆಸರು 1936ರಿಂದ ಇವತ್ತಿನವರೆಗೂ ನಡೆದಿದೆ. ಜಪಾನಿನಲ್ಲಿ ಮೊಳೆ ಕೂರಿಸಿದ ಟೈರ್‌ಗಳು ಡಾಂಬರು ಕೆರೆದು ಊರಿಡೀ ಧೂಳು ಎಬ್ಬಿಸುತ್ತಿದ್ದವು. 1990ರಲ್ಲಿ ಕಾನೂನು ಮಾಡಿ ಅವನ್ನು ತಡೆದರು. ಬ್ರಿಜ್‌ಸ್ಟೋನ್‌ನವರ ಬ್ಲಿಜ್ಯಾಕ್ ಅನ್ನುವ ವಿಂಟರ್ ಟೈರ್ ಅದಕ್ಕೆ ಸ್ವಲ್ಪ ಮೊದಲು, 1988ರಲ್ಲೇ ಬಂದಿತ್ತು. ಸಣ್ಣ ಸಣ್ಣ ರಂಧ್ರಗಳ ಅದರ ಮೆತ್ತನೆ ರಬ್ಬರ್ ಮೊಳೆ ಇಲ್ಲದೆಯೇ ಮಂಜುಗಡ್ಡೆ ಮೇಲಿನ ನೀರಿನ ಪದರವನ್ನು ಹೀರಿ ಹಿಡಿಯುತ್ತದೆ. ತಮಾಷೆ ಅಂದರೆ, ಯುರೋಪಿನಲ್ಲಿ ವಿಂಟರ್ ಟೈರಿಗೆ ಹೆಸರಾದ ಹಾಲೆಂಡಿನ ಫ್ರೆಡಸ್ಟೈನ್ ಕಂಪನಿಯನ್ನು 2009ರಲ್ಲಿ ಕೊಂಡದ್ದು ನಮ್ಮ ದೇಶದ ಅಪೊಲೊ. ಆದರೂ ನಮ್ಮ ಪೇಟೆಯ ಅಂಗಡಿಗೆ ಹೋಗಿ ವಿಂಟರ್ ಟೈರ್ ಕೊಡಿ ಅಂದರೆ ಮುಖ ನೋಡುತ್ತಾರೆ. ತಪ್ಪೂ ಇಲ್ಲ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ ಇದ್ದರೂ ಅಲ್ಲಿ ಬೀಳುವುದು ಮಂಜೇ ಹೊರತು ಹಿಮ ಅಲ್ಲ.

"ನಂದು ಫೋರ್ ಬೈ ಫೋರ್ ಕಣಣ್ಣಾ" ಅನ್ನುವುದು ಇದರ ಮುಂದಿನ ಮಾತು. ಅಂದರೆ ಎಂಜಿನ್ನಿನ ಎಳೆತ ನಾಲ್ಕೂ ಚಕ್ರಕ್ಕೆ ಸಿಗುವ ಗಾಡಿ. ಮಾರಾಯ, ಫೋರ್ ಬೈ ಫೋರ್ ಗಾಡಿಯನ್ನು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ಬ್ರೇಕ್ ಎಲ್ಲ ಗಾಡಿಗೂ ನಾಲ್ಕು ಚಕ್ರಕ್ಕೇ ಇರೋದು. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಗಂಟೆಗೆ 40 ಕಿಲೋಮೀಟರಿನಲ್ಲಿ ಹೋಗುತ್ತಾ ಬ್ರೇಕ್ ಒತ್ತಿದರೆ ಒಣ ಡಾಂಬರಿನಲ್ಲಿ ಗಾಡಿ ಸುಮಾರು 8 ಮೀಟರಿನಲ್ಲಿ ನಿಲ್ಲುತ್ತದೆ. ಒತ್ತಿ ಗಟ್ಟಿಯಾದ ಹಿಮದ ಮೇಲೆ ಹೆಚ್ಚುಕಡಿಮೆ 25 ಮೀಟರ್ ಬೇಕು. ಮಂಜುಗಡ್ಡೆ ಮೇಲೆ 60 ಮೀಟರ್ ದಾಟಿದರೂ ಆಶ್ಚರ್ಯವಿಲ್ಲ. ಚಾರ್ಮಾಡಿಯ ತಿರುವುಗಳಲ್ಲಿ 60 ಮೀಟರ್ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ. ಹಿಮದಲ್ಲಿ ಸಿಕ್ಕಿಬೀಳುವುದು ಅಷ್ಟು ದೊಡ್ಡ ಅಪಾಯವಲ್ಲ, ಯಾರಾದರೂ ಎಳೆಯುತ್ತಾರೆ. ಇಳಿಜಾರಿನಲ್ಲಿ ನಿಲ್ಲದೇ ಹೋಗುವುದೇ ಅಪಾಯ. ಅದರಲ್ಲಿ ಫೋರ್ ಬೈ ಫೋರ್‌ನ ಪಾತ್ರ ಕಡಿಮೆ, ಟೈರಿನ ಪಾತ್ರವೇ ಹೆಚ್ಚು.

ಅಗಲದ ಟೈರ್ ಹುಚ್ಚಿನವರಿಗೂ ಒಂದು ಮಾತು. ಏಷ್ಯಾ ಪೆಸಿಫಿಕ್ ರ‍್ಯಾಲಿ ನಮ್ಮ ಕಾಫಿ ತೋಟದ ದಾರಿಗಳಲ್ಲಿ ನಡೆದಾಗ ಬೇಲಿ ಪಕ್ಕ ನಿಂತು ನೋಡಿದವರು ಇಲ್ಲಿ ಬಹಳ ಜನ ಇದ್ದೀರಿ. ಹಾಗಾದರೆ ಒಮ್ಮೆ ಸ್ವೀಡನ್ ರ‍್ಯಾಲಿಯ ಚಿತ್ರಗಳನ್ನೂ ನೋಡಿ. ಅಷ್ಟು ಶಕ್ತಿಯ ಕಾರುಗಳಿಗೆ ಅಲ್ಲಿ ಹಾಕುವುದು ಕಿರಿದಾದ, ಮೊಳೆ ಕೂರಿಸಿದ ಟೈರ್. ಕಿರಿದಾದ ಟೈರ್ ಮೇಲಿನ ಸಡಿಲ ಹಿಮವನ್ನು ಕೊಯ್ದು ಕೆಳಗಿನ ಗಟ್ಟಿ ಪದರ ಮುಟ್ಟುತ್ತದೆ, ಅಗಲದ್ದು ಮೇಲೆಯೇ ತೇಲುತ್ತದೆ.

ಈಗ ಪರದೇಶದಲ್ಲಿ ಇರುವವರಿಗೆ. ಅಲ್ಲಿ ಅಂಗಡಿಯವರು ಟೈರಿನ ಪಕ್ಕದ ಎರಡು ಗುರುತು ತೋರಿಸುತ್ತಾರೆ. ಒಂದು ಎಂ ಪ್ಲಸ್ ಎಸ್ ಅನ್ನುವ ಅಕ್ಷರ. ಅಂದರೆ ಕೆಸರು ಮತ್ತು ಹಿಮ. ಇದನ್ನು ಕಂಪನಿಯವರು ಬಟನ್ ವಿನ್ಯಾಸ ನೋಡಿಕೊಂಡು ತಾವೇ ಹಾಕಿಕೊಳ್ಳಬಹುದು, ಪರೀಕ್ಷೆ ಬೇಕಿಲ್ಲ. ನಮ್ಮಲ್ಲಿ ಮಾರುವ ಎಷ್ಟೋ ಎಸ್‌ಯುವಿ ಟೈರ್‌ಗಳ ಮೇಲೂ ಇದೆ, ಹೋಗಿ ನೋಡಿ. ಇನ್ನೊಂದು, ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳು ಇರುವ ಚಿತ್ರ. ಇದಕ್ಕೆ ಅಮೆರಿಕದಲ್ಲಿ ನಿಜವಾದ ಪರೀಕ್ಷೆ ಉಂಟು: ಒತ್ತಿದ ಹಿಮದ ಮೇಲೆ, ಗೊತ್ತುಪಡಿಸಿದ ಮಾದರಿ ಟೈರಿಗಿಂತ ಕನಿಷ್ಠ ಶೇಕಡಾ 10ರಷ್ಟು ಹೆಚ್ಚು ಎಳೆತ ತೋರಿಸಬೇಕು. ಬಿ.ಎಫ್. ಗುಡ್‌ರಿಚ್‌ನ ಕೆ.ಓ.2 ತರಹದ ಕೆಲವು ಎ.ಟಿ. ಟೈರ್‌ಗಳಿಗೂ ಈ ಚಿತ್ರ ಸಿಕ್ಕಿದೆ. ಗೊಂದಲ ಶುರುವಾಗುವುದು ಇಲ್ಲೇ. "ನೋಡಿ, ಇದಕ್ಕೂ ಹಿಮದ ಗುರುತು ಇದೆ, ಹಾಗಾದರೆ ಎರಡೂ ಒಂದೇ ಅಲ್ವಾ?" ಒಂದೇ ಅಲ್ಲ. ಅಮೆರಿಕದ ಆ ಪರೀಕ್ಷೆ ಅಳೆಯುವುದು ಹಿಮದ ಮೇಲೆ ಮುಂದಕ್ಕೆ ಎಳೆಯುವ ಶಕ್ತಿಯನ್ನು ಮಾತ್ರ. ಮಂಜುಗಡ್ಡೆ ಮೇಲೆ ನಿಲ್ಲುತ್ತದಾ, ತಿರುವಿನಲ್ಲಿ ಹಿಡಿಯುತ್ತದಾ ಅಂತ ಅದು ಕೇಳುವುದೇ ಇಲ್ಲ. ಆ ಚಿತ್ರ ಇರುವ ಎ.ಟಿ., ಇಲ್ಲದ ಎ.ಟಿ.ಗಿಂತ ವಾಸಿ. ವಿಂಟರ್ ಟೈರಿಗೆ ಸಮ ಅಂದುಕೊಳ್ಳಬೇಡಿ.

ಕಾನೂನೂ ಊರಿಂದೂರಿಗೆ ಬೇರೆ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಕಡ್ಡಾಯ. ಒಂಟಾರಿಯೊದಲ್ಲಿ ಕಡ್ಡಾಯ ಇಲ್ಲ, ಆದರೆ ಹಿಮವೇನೂ ಕಡಿಮೆ ಬೀಳುವುದಿಲ್ಲ. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಬರೀ ಎಂ ಪ್ಲಸ್ ಎಸ್ ಇದ್ದರೆ ವಿಂಟರ್ ಟೈರ್ ಅಂತ ಒಪ್ಪುವುದಿಲ್ಲ, ಬೆಟ್ಟದ ಚಿತ್ರ ಬೇಕು. ದುಡ್ಡು ಉಳಿಸಲು ಎರಡೇ ಟೈರ್ ಹಾಕಿಸುವ ಯೋಚನೆ ಬಿಟ್ಟುಬಿಡಿ. ಮುಂದಿನ ಎರಡು ಹಿಡಿದು ಹಿಂದಿನ ಎರಡು ಜಾರಿದರೆ ತಿರುವಿನಲ್ಲಿ ಗಾಡಿಯ ಹಿಂಭಾಗ ಮುಂದಕ್ಕೆ ಬರುತ್ತದೆ. ನಮ್ಮ ದೇಶದಲ್ಲಿ ಕಾರಿನ ಟೈರ್ 1.6 ಮಿಲಿಮೀಟರಿಗೆ ಸವೆಯುವವರೆಗೂ ಓಡಿಸಬಹುದು, ಆದರೆ ಆಸ್ಟ್ರಿಯಾದಲ್ಲಿ 4 ಮಿಲಿಮೀಟರಿಗಿಂತ ಕಡಿಮೆ ಆಳದ್ದನ್ನು ವಿಂಟರ್ ಟೈರ್ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಈ ಅಂಕಿ ನೆನಪಿರಲಿ. ಜೊತೆಗೆ ಟೈರಿನ ಪಕ್ಕದಲ್ಲಿರುವ ನಾಲ್ಕಂಕಿ ನೋಡಿ: 2221 ಅಂತಿದ್ದರೆ 2021ರ 22ನೇ ವಾರದಲ್ಲಿ ತಯಾರಾದದ್ದು.

ಇನ್ನು ಇಲ್ಲಿಂದ ಹೊರಡುವವರು. "ಹಾಗಾದರೆ ಎಲ್ಲಿಂದಾದರೂ ವಿಂಟರ್ ಟೈರ್ ತರಿಸಿಯೇ ಹೋಗ್ತೀನಿ" ಅಂತ ಹಠ ಹಿಡಿದವರೂ ಇದ್ದಾರೆ. ಬೇಡ. ಇಲ್ಲಿಂದ ಮನಾಲಿಗೆ ಸುಮಾರು ಎರಡೂವರೆ ಸಾವಿರ ಕಿಲೋಮೀಟರ್, ಅದರಲ್ಲಿ ಬಹುಪಾಲು ಬಿಸಿಲಿನ ಹೈವೇ. ಫೆಬ್ರವರಿ ಮಧ್ಯಾಹ್ನ ಮಹಾರಾಷ್ಟ್ರ ದಾಟುವಾಗ ಆ ಮೆತ್ತನೆ ರಬ್ಬರ್ ಬೇಗ ಸವೆಯುತ್ತದೆ, ಹೈವೇ ವೇಗದಲ್ಲಿ ಗಾಡಿ ತೂಗಾಡಿದಂತಾಗುತ್ತದೆ, ಬ್ರೇಕ್ ದೂರವೂ ಹೆಚ್ಚುತ್ತದೆ. ಕೊನೆಯ ನೂರು ಕಿಲೋಮೀಟರಿಗಾಗಿ ಉಳಿದ ದಾರಿಯಷ್ಟೂ ತಪ್ಪು ಟೈರಿನಲ್ಲಿ ಓಡಿಸಿದ ಹಾಗಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲಡಾಖ್‌ಗೆ ಹೋಗುವವರಿಗಂತೂ ಈ ಚರ್ಚೆಯೇ ಬೇಡ. ಆಗ ಅಲ್ಲಿ ಎದುರಾಗುವುದು ಕಲ್ಲು, ಧೂಳು, ರಸ್ತೆಗೆ ಅಡ್ಡ ಹರಿಯುವ ಹಳ್ಳ. ಅದಕ್ಕೆ ಎ.ಟಿ.ಯೇ ಸರಿ.

ಚಳಿಗಾಲದಲ್ಲಿ ಮನಾಲಿ ದಾಟಿ ಲಾಹೌಲ್ ಕಡೆ ಹೋಗುವುದು ಮೊದಲು ಅಸಾಧ್ಯವೇ ಆಗಿತ್ತು, ದಾರಿಯ ರೋಹ್ತಾಂಗ್ ಪಾಸ್ 3,978 ಮೀಟರ್ ಎತ್ತರದಲ್ಲಿ ಹಿಮದಿಂದ ಮುಚ್ಚಿರುತ್ತಿತ್ತು. 2020ರ ಅಕ್ಟೋಬರ್ 3ರಂದು 9.02 ಕಿಲೋಮೀಟರಿನ ಅಟಲ್ ಸುರಂಗ ತೆರೆದ ಮೇಲೆ ಎಲ್ಲರೂ ಆಚೆ ಬದಿಗೆ ಹೋಗುವವರೇ. ಹಿಮ ಬಿದ್ದ ದಿನ ಸೋಲಂಗ್ ಹತ್ತಿರ ಪೊಲೀಸರು ಫೋರ್ ಬೈ ಫೋರ್ ಅಥವಾ ಚೈನ್ ಕಟ್ಟಿದ ಗಾಡಿಗಳನ್ನು ಮಾತ್ರ ಬಿಡುವುದು ವಾಡಿಕೆ. ಫೋರ್ ಬೈ ಫೋರ್ ಅಂತ ಬಿಟ್ಟರೂ ಚೈನ್ ಕಟ್ಟಿಕೊಳ್ಳಿ.

ಚೈನ್ ಅಂದರೆ ನಮ್ಮವರಿಗೆ ಹೊಸತೇನಲ್ಲ. ಮಳೆಗಾಲದಲ್ಲಿ ತೋಟದ ಜೀಪಿನ ಹಿಂದಿನ ಚಕ್ರಕ್ಕೆ ಕಬ್ಬಿಣದ ಚೈನ್ ಕಟ್ಟಿ ಆಳು, ಗೊಬ್ಬರ ಎಲ್ಲ ಸಾಗಿಸಿದ ಊರು ಇದು. ಎ.ಟಿ.ಗೆ ಇಲ್ಲದ ಕಚ್ಚುವಿಕೆಯನ್ನು ಹಿಮದಲ್ಲೂ ಚೈನೇ ಕೊಡುವುದು. ಆದರೆ ಕೆಲವು ವ್ಯತ್ಯಾಸ ಇದೆ. ಮುಂದಿನ ಚಕ್ರ ಎಳೆಯುವ ಕಾರಿಗೆ ಚೈನ್ ಮುಂದಕ್ಕೆ. ಫೋರ್ ಬೈ ಫೋರ್‌ಗೆ ಸಾಧ್ಯವಾದರೆ ನಾಲ್ಕಕ್ಕೂ. ತೋಟದ ಅಭ್ಯಾಸದಲ್ಲಿ ಹಿಂದೆ ಮಾತ್ರ ಕಟ್ಟಿ ಇಳಿಜಾರಿಗೆ ಇಳಿದರೆ ಸ್ಟೇರಿಂಗ್ ತಿರುಗಿಸಿದರೂ ಮುಂದಿನ ಚಕ್ರ ಕೇಳುವುದಿಲ್ಲ. ಕಟ್ಟಿದ ಮೇಲೆ 30, 40 ದಾಟಬೇಡಿ. ಹಿಮ ಮುಗಿದು ಡಾಂಬರು ಕಂಡ ಕೂಡಲೇ ಬಿಚ್ಚಿ, ಇಲ್ಲದಿದ್ದರೆ ಚೈನೂ ಹಾಳು, ಟೈರೂ ಹಾಳು.

ಎಲ್ಲಕ್ಕಿಂತ ಹೆಚ್ಚಾಗಿ, ಕಂಪನಿ ಕೊಟ್ಟ ಸೈಜಿಗಿಂತ ದೊಡ್ಡ ಎ.ಟಿ. ಹಾಕಿಸಿದವರು ಹೊರಡುವ ಮುಂಚೆ ಚಕ್ರದ ಒಳಬದಿಗೆ ಕೈ ಹಾಕಿ ನೋಡಿ. ಎಷ್ಟೋ ಗಾಡಿಗಳಲ್ಲಿ ಟೈರಿಗೂ ಸಸ್ಪೆನ್ಷನ್‌ಗೂ ನಡುವೆ ಬೆರಳು ತೂರುವಷ್ಟೂ ಜಾಗ ಉಳಿದಿರುವುದಿಲ್ಲ. ಅಲ್ಲಿ ಚೈನ್ ಕಟ್ಟಿದರೆ ಅದು ತಿರುಗುವಾಗ ಬ್ರೇಕ್ ಪೈಪಿಗೆ ಬಡಿಯುತ್ತದೆ. ಹಿಮಕ್ಕಾಗಿ ಅಂತ ಹಾಕಿಸಿದ ದೊಡ್ಡ ಟೈರೇ ಹಿಮದಲ್ಲಿ ಬೇಕಾದ ಚೈನಿಗೆ ಜಾಗ ಇಲ್ಲದಂತೆ ಮಾಡುವುದು ಹೀಗೆ. ಗಾಡಿಯ ಪುಸ್ತಕದಲ್ಲಿ ಯಾವ ಸೈಜಿಗೆ ಚೈನ್ ಕಟ್ಟಬಹುದು ಅಂತ ಬರೆದಿರುತ್ತದೆ. ಓದುವವರು ಕಡಿಮೆ.

ಗಾಳಿ ವಿಷಯ. ಉಷ್ಣತೆ ಐದೂವರೆ ಡಿಗ್ರಿ ಇಳಿದರೆ ಟೈರಿನಲ್ಲಿ ಸುಮಾರು 1 ಪಿ.ಎಸ್.ಐ. ಇಳಿಯುತ್ತದೆ. ಇಲ್ಲಿ 28 ಡಿಗ್ರಿಯಲ್ಲಿ ತುಂಬಿಸಿದ್ದು ಅಲ್ಲಿ ಮೈನಸ್ ಐದರ ಬೆಳಿಗ್ಗೆ ಆರು ಪಿ.ಎಸ್.ಐ.ಯಷ್ಟು ಕಡಿಮೆ ಆಗಿರಬೇಕು. ಎತ್ತರದಲ್ಲಿ ಹೊರಗಿನ ವಾತಾವರಣದ ಒತ್ತಡ ಕಮ್ಮಿ ಇರುವುದರಿಂದ ಗೇಜ್ ಒಂದೆರಡು ಪಾಯಿಂಟ್ ವಾಪಸ್ ತೋರಿಸುತ್ತದೆ. ಬೆಳಿಗ್ಗೆ ಗಾಡಿ ಹೊರಡುವ ಮುಂಚೆ ನೋಡಿ ತುಂಬಿಸಿಕೊಳ್ಳಿ. ಕೆಸರಿನಲ್ಲಿ ಗಾಳಿ ಬಿಡುವ ಅಭ್ಯಾಸ ಆಳದ ಸಡಿಲ ಹಿಮದಲ್ಲಿ ಸ್ವಲ್ಪ ಉಪಯೋಗಕ್ಕೆ ಬರಬಹುದು, ರಸ್ತೆಯ ಗಟ್ಟಿ ಹಿಮದಲ್ಲಿ ಬೇಡ.

ಮತ್ತೊಂದು, ಬಿಳಿ ಹಿಮಕ್ಕಿಂತ ಕಪ್ಪು ರಸ್ತೆಗೆ ಹೆದರಿ. ಬೆಟ್ಟದ ನೆರಳಿನ ತಿರುವುಗಳಲ್ಲಿ ರಾತ್ರಿ ಹರಿದ ನೀರು ಗಾಜಿನಂತೆ ಹೆಪ್ಪುಗಟ್ಟಿ ಬರೀ ಒದ್ದೆ ಡಾಂಬರಿನ ಹಾಗೆ ಕಾಣುತ್ತದೆ. ಸೊನ್ನೆ ಡಿಗ್ರಿ ಆಸುಪಾಸಿನಲ್ಲಿ, ಮೇಲೆ ತೆಳು ನೀರು ನಿಂತ ಮಂಜುಗಡ್ಡೆಯಷ್ಟು ಜಾರುವುದು ಇನ್ನೊಂದಿಲ್ಲ. ಅಲ್ಲಿ ಎ.ಟಿ. ಕೈಕೊಡುತ್ತದೆ, ವಿಂಟರ್ ಟೈರೂ ಕಷ್ಟಪಡುತ್ತದೆ. ಬಿಸಿಲು ಏರಿದ ಮೇಲೆ ಹೊರಟು ಬಿಸಿಲು ಇಳಿಯುವುದರೊಳಗೆ ರೂಮು ಸೇರುವುದೇ ಅದಕ್ಕಿರುವ ಟೈರ್.

ಡೀಸೆಲ್ ಗಾಡಿಯವರು ಇಲ್ಲಿ ತುಂಬಿಸಿದ ಡೀಸೆಲ್ ಅಲ್ಲಿಗೆ ಮುಟ್ಟುವುದರೊಳಗೆ ಖಾಲಿ ಮಾಡಿಕೊಂಡು ಅಲ್ಲಿನ ಪಂಪಿನಲ್ಲಿ ತುಂಬಿಸಿ. ಕಡು ಚಳಿಯಲ್ಲಿ ನಮ್ಮ ಡೀಸೆಲ್‌ನಲ್ಲಿ ಮೇಣ ಕಟ್ಟಿ ಫಿಲ್ಟರ್ ಮುಚ್ಚಿಕೊಳ್ಳುತ್ತದೆ. ಲಡಾಖ್‌ಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿವರೆಗೂ ಹರಿಯುವ ಡೀಸೆಲ್ ತಂದದ್ದು ಇದೇ ಕಾರಣಕ್ಕೆ.

ಇಷ್ಟೆಲ್ಲ ರಗಳೆ ಯಾಕೆ ಅನ್ನಿಸಿದರೆ ಮನಾಲಿವರೆಗೆ ನಿಮ್ಮ ಗಾಡಿಯಲ್ಲಿ ಹೋಗಿ, ಮುಂದಕ್ಕೆ ಅಲ್ಲಿನವರ ಟ್ಯಾಕ್ಸಿ ಹಿಡಿಯಿರಿ. ನನ್ನನ್ನು ಕೇಳಿದರೆ ಮೊದಲ ಸಲ ಹೋಗುವವರಿಗೆ ಇದೇ ಒಳ್ಳೆಯದು. ಹೇಳಿದರೆ ಯಾರೂ ಕೇಳುವುದಿಲ್ಲ, ಅದು ಬೇರೆ.

ಚೈನ್ ಕೊಳ್ಳುವವರು ಟೈರಿನ ಮೇಲಿರುವ ಸೈಜ್ ನಂಬರ್ ಬರೆದುಕೊಂಡು ಹೋಗಿ ಕೊಳ್ಳಿ. ಕೊಂಡ ಮೇಲೆ ಕಣದಲ್ಲೇ ಗಾಡಿ ನಿಲ್ಲಿಸಿಕೊಂಡು ಕೈಗವಸು ಹಾಕಿಕೊಂಡೇ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿ. ಯಾವ ಚೈನ್ ಅಂತ ನನ್ನನ್ನು ಕೇಳುವುದಾದರೆ ಆ ನಂಬರ್ ಟೈಪ್ ಮಾಡಿ ಕಳಿಸಿ, ದಯವಿಟ್ಟು ಫೋಟೋ ಬೇಡ. ಕೆಸರು ಮೆತ್ತಿದ ಟೈರಿನ ಫೋಟೋದಲ್ಲಿ ನನಗೆ ಏನೂ ಕಾಣುವುದಿಲ್ಲ.