ಯಶವಂತರಾಯರ ಹೆಸರಿನ ಕಟ್ಟಡದಲ್ಲಿ

ಮಹಾರಾಷ್ಟ್ರದ ಗಡಿಯ ನಮ್ಮ ಜತ್ತದಿಂದ ಹೊರಟ ಎಸ್.ಟಿ. ಬಸ್ಸು ಕವಠೆ ಮಹಾಂಕಾಳ, ಮಿರಜಗಳನ್ನು ಹಿಂದೆ ಹಾಕಿ ಕೃಷ್ಣೆಯನ್ನು ದಾಟಿತೆಂದರೆ ಜಾಲಿಕಂಟಿಯ ಒಣನೆಲ ಮುಗಿದು, ರಸ್ತೆಯ ಎರಡೂ ಬದಿಗೆ ಕಬ್ಬೇ ಕಬ್ಬು. ತಂಗಿಯ ಮಗಳು ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಓದು ಮಾಡಬೇಕೆಂದಿದ್ದರಿಂದ, ಪ್ರವೇಶದ ವಿಚಾರ ಕೇಳಲು ನಾವಿಬ್ಬರೂ ಕೊಲ್ಹಾಪುರದ ಶಿವಾಜಿ ವಿದ್ಯಾಪೀಠಕ್ಕೆ ಹೊರಟಿದ್ದೆವು.

ಮುಖ್ಯ ಕಟ್ಟಡದ ಎದುರು ಶಿವಾಜಿಯ ಅಶ್ವಾರೂಢ ಪ್ರತಿಮೆಯನ್ನು ನೋಡಿದ್ದಾಯಿತು. ನಮಗೆ ಬೇಕಾಗಿದ್ದುದು ಯಶವಂತರಾವ ಚವ್ಹಾಣರ ಹೆಸರಿನ ಗ್ರಾಮೀಣಾಭಿವೃದ್ಧಿ ಅಧ್ಯಯನ ಶಾಲೆ. ಸಾಂಗಲಿ ಜಿಲ್ಲೆಯ ದೇವರಾಷ್ಟ್ರೆಯಲ್ಲಿ 1913ರಲ್ಲಿ ಹುಟ್ಟಿದ ಚವ್ಹಾಣರು ಓದಿದ್ದು ಇದೇ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ, ಅಂದರೆ ಮುಂದೆ ನಮ್ಮ ವಿ.ಕೃ. ಗೋಕಾಕರು ಪ್ರಾಂಶುಪಾಲರಾಗಿದ್ದ ಕಾಲೇಜಿನಲ್ಲಿ. 1962ರ ನವೆಂಬರ್ 18ರಂದು ವಿದ್ಯಾಪೀಠ ಉದ್ಘಾಟನೆಯಾದಾಗ ಅವರು ಮಹಾರಾಷ್ಟ್ರದ ಮೊದಲ ಮುಖ್ಯಮಂತ್ರಿ. ಚೀನಾ ಯುದ್ಧದ ಆ ದಿನಗಳಲ್ಲಿ, ಅದೇ ವಾರ, ರಕ್ಷಣಾ ಖಾತೆ ವಹಿಸಿಕೊಳ್ಳಲು ದೆಹಲಿಗೆ ನಡೆದರು.

ಗಡಿಭಾಗದ ಕನ್ನಡಿಗರಿಗೆ ಈ ಹೆಸರು ಹಿತವಾದದ್ದೇನಲ್ಲ. ಜತ್ತ ತಾಲ್ಲೂಕಿನ ಕೆಲವು ಹಳ್ಳಿಗಳು ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ ಆಯೋಗದ ವರದಿ 1967ರಲ್ಲಿ ಸಲ್ಲಿಕೆಯಾದಾಗ ಕೇಂದ್ರದ ಗೃಹಸಚಿವರಾಗಿದ್ದವರು ಇವರೇ, ಮತ್ತು ಆ ವರದಿ ಜಾರಿಗೆ ಬರಲೇ ಇಲ್ಲ. ಆದರೂ ಅವರ ಸರಕಾರ ತಂದ 1961ರ ಜಿಲ್ಲಾ ಪರಿಷತ್ ಮತ್ತು ಪಂಚಾಯತ್ ಸಮಿತಿ ಕಾಯ್ದೆಯನ್ನು ನಾನು ಬೇರೆಯಾಗಿಯೇ ತೂಗುತ್ತೇನೆ. ಪ್ರಾಥಮಿಕ ಶಾಲೆ, ದವಾಖಾನೆ, ಹಳ್ಳಿಯ ರಸ್ತೆಗಳು ಆ ಕಾಯ್ದೆಯಿಂದ ಜಿಲ್ಲೆಯ ಚುನಾಯಿತ ಸದಸ್ಯರ ಕೈಗೆ ಬಂದವು. ನಾನು ಅಕ್ಷರ ಕಲಿತ ಕನ್ನಡ ಶಾಲೆಯನ್ನು ಇಂದಿಗೂ ನಡೆಸುತ್ತಿರುವುದು ಸಾಂಗಲಿ ಜಿಲ್ಲಾ ಪರಿಷತ್ತೇ. ಹಳ್ಳಿಯ ಆಡಳಿತವನ್ನು ಕಲಿಸುವ ಕಟ್ಟಡಕ್ಕೆ ಅವರ ಹೆಸರು ಸಲ್ಲುತ್ತದೆ ಎಂಬುದಕ್ಕೆ ನನಗೆ ಇಷ್ಟು ಸಾಕು.

ಪ್ರವೇಶದ ವಿವರ ಬೇಗ ಸಿಕ್ಕಿತು. ಹೊರಗಿನ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ತೆಗೆದಾಗ ಪಕ್ಕದಲ್ಲಿದ್ದ ಹುಡುಗನೊಬ್ಬ, ‘ಜತ್ತ ಕಡೀದವ್ರೇನ್ರಿ ಕಾಕಾ?’ ಎಂದು ಕೇಳಿದ. ಅವನದು ಅಕ್ಕಲಕೋಟೆಯ ಕಡೆ. ಅರ್ಧ ರೊಟ್ಟಿ ಮುರಿದುಕೊಂಡು, ಕ್ಷೇತ್ರಕಾರ್ಯಕ್ಕೆ ಜತ್ತದ ಹಳ್ಳಿಗಳನ್ನೇ ಕೇಳಿಕೋ ಎಂದು ಹುಡುಗಿಗೆ ಬುದ್ಧಿ ಹೇಳಿದ: ‘ಅಲ್ಲಿ ಠರಾವ್ ಬರಿಯೂದು ಮರಾಠಿಯೊಳಗ, ಗ್ರಾಮಸಭಾದಾಗ ಜಗಳಾಡೂದು ಕನ್ನಡದಾಗ. ಎರಡೂ ತಿಳಿಯೋರು ಬೇಕಲ್ರಿ!’